ವೇದವತಿಯ ಗೂಡ್ಸು ಗಾಡಿ

ಢಣ್ ಎಂದು ಒಂದು ಸದ್ದು. ಅದರ ಬೆನ್ನಿಗೇ ಢಣ, ಢಣ, ಢಣ ಎಂದು ಸಾಲಾಗಿ ದೂರ ಸರಿಯುತ್ತ ಹೋಗಿ, ಕೊನೆಗೆ ಊರಾಚೆಯ ಗುತ್ತಲಿನ ಕಡೆ ಎಲ್ಲೋ ಸಣ್ಣಗೆ ಕರಗುವ ಸದ್ದು. ನಿಂತ ಗೂಡ್ಸು ಡಬ್ಬಿಗಳನ್ನು ಎಂಜಿನ್ನು ಹಿಂದಕ್ಕೆ ಒತ್ತಿದಾಗ ಒಂದರ ಮೂಗು ಇನ್ನೊಂದರ ಬೆನ್ನಿಗೆ ತಾಗಿ ಬರುತ್ತದಲ್ಲ, ಅದು. ಮಂಡ್ಯದ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಯವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಸ್ವಂತ ಮನೆಯ ಗಡಿಯಾರ ಯಾರಿಗೆ ಕೇಳಿಸುತ್ತದೆ? ವೇದವತಿಗೆ ಮಾತ್ರ ಕೇಳಿಸುತ್ತಿತ್ತು. ಒಗ್ಗರಣೆ ಸೌಟು ಹಿಡಿದವಳು ಹಾಗೇ ನಿಂತು, ಸದ್ದು ಎಷ್ಟು ದೂರ ಹೋಯಿತೆಂದು ಅಳೆದು, 'ಇವತ್ತಿನದು ಉದ್ದ ಇದೆ' ಎಂದುಕೊಳ್ಳುವಷ್ಟರಲ್ಲಿ ಸಾಸಿವೆ ಸೀದುಹೋಗಿರುತ್ತಿತ್ತು.

"ಗೂಡ್ಸು ಬಂತು ಅಂತ ಕಾಣತ್ತೆ," ಎಂದು ಅತ್ತೆ ತಿರುಮಲಮ್ಮ ಪಡಸಾಲೆಯಿಂದಲೇ ಹೇಳುತ್ತಿದ್ದರು. "ಸಾರು ಸೀದ ವಾಸನೆ ಬರ್ತಿದೆ."

ವೇದವತಿ ಹುಟ್ಟಿ ಬೆಳೆದದ್ದು ಮಳವಳ್ಳಿಯಲ್ಲಿ. ಮಳವಳ್ಳಿಗೆ ಕೆರೆಯಿತ್ತು, ಸಂತೆಯಿತ್ತು, ಊರು ತುಂಬ ಬಸ್ಸಿನ ಧೂಳಿತ್ತು. ರೈಲಿರಲಿಲ್ಲ. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಮದ್ದೂರಿನಲ್ಲಿ ರೈಲ್ವೆ ಗೇಟು ಹಾಕಿತ್ತು. ರಾಹುಕಾಲ ಬರುವುದರೊಳಗೆ ಹೆಣ್ಣು ಹೊಸ್ತಿಲು ದಾಟಬೇಕು ಎಂದು ವ್ಯಾನಿನಲ್ಲಿದ್ದ ಹಿರಿಯರೆಲ್ಲ ಕಿಟಕಿಯಿಂದ ಕತ್ತು ಹೊರಹಾಕಿ ಗೇಟಿನವನನ್ನು ಬೈಯುತ್ತಿದ್ದರು. ಆಗ ಬಂತು ಗೂಡ್ಸು. ಕೆಮ್ಮಣ್ಣಿನ ಬಣ್ಣದ ಡಬ್ಬಿ, ಅದರ ಹಿಂದೆ ಇನ್ನೊಂದು, ಇನ್ನೊಂದು. ಪ್ರತಿಯೊಂದರ ಮೈಮೇಲೂ ಬಿಳಿಯ ಅಕ್ಷರ, ಬಿಳಿಯ ಅಂಕಿ. ಅವಸರವಿಲ್ಲದೆ, ಯಾರ ರಾಹುಕಾಲವನ್ನೂ ಲೆಕ್ಕಕ್ಕಿಡದೆ, ಅವು ಒಂದೊಂದಾಗಿ ತಮ್ಮ ಹೆಸರು ಹೇಳಿಕೊಂಡು ಹೋಗುತ್ತಿದ್ದಂತೆ ಅವಳಿಗೆ ಕಂಡಿತು. ವ್ಯಾನಿನಲ್ಲಿ ಎಲ್ಲರೂ ಬೇಗ ಮುಗಿಯಲಪ್ಪ ಎನ್ನುತ್ತಿದ್ದರೆ ಮದುಮಗಳು ಮುಗಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಹೊಸ ಗಂಡ ಸಂಪತ್ ಕುಮಾರ ಅವಳ ತುಟಿ ಅಲುಗುವುದನ್ನು ನೋಡಿ, ಪಾಪ, ಸ್ತೋತ್ರ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಅವಳು ನಂಬರು ಓದುತ್ತಿದ್ದಳು.

ಗಂಡನ ಮನೆ ಗೂಡ್ಸ್ ಶೆಡ್ಡಿನ ಬೆನ್ನಿಗೇ ಇದೆ ಎಂದು ಗೊತ್ತಾದಾಗ ಅವಳಿಗೆ ತವರು ಮರೆಯುವುದು ಕಷ್ಟವಾಗಲಿಲ್ಲ.

ಮೊದಲ ಡಬ್ಬಿ ಮಾಡಿದ್ದು ಮದುವೆ ಕರೆಯೋಲೆಗಳ ರಟ್ಟಿನಿಂದ. ಮಿಕ್ಕಿ ಉಳಿದ ಓಲೆಗಳು ಹೇಗೂ ಇದ್ದವು. ಊದುಬತ್ತಿಯ ಕಡ್ಡಿ ಸೀಳಿ ಡಬ್ಬಿಯ ಪಕ್ಕೆಲುಬುಗಳಾದವು. ಗಂಡನ ಹಳೆಯ ಅಂಗಿಗಳ ಗುಂಡಿಗಳು ಚಕ್ರಗಳಾದವು. ಸಂಪತ್ ಕುಮಾರ ಭಾರತೀನಗರದಲ್ಲಿ ಹೈಸ್ಕೂಲು ಮೇಷ್ಟ್ರು. ದಿನವೂ ಬಸ್ಸಿನಲ್ಲಿ ಕಬ್ಬಿನ ಗಾಡಿಗಳ ಮಧ್ಯೆ ಹೋಗಿ ಬರುತ್ತಿದ್ದ. ಒಂದು ದಿನ ತರಗತಿಯಲ್ಲಿ ಕೈ ಎತ್ತಿ ಬೋರ್ಡು ತೋರಿಸಿದಾಗ ತೋಳಿನ ಗುಂಡಿ ಇಲ್ಲದ್ದು ಕಂಡು ಹುಡುಗಿಯರು ನಕ್ಕರಂತೆ. ಮನೆಗೆ ಬಂದು, "ನನ್ನ ಗುಂಡಿ ಎಲ್ಲಿ ಓಡಾಡ್ತಿದೆಯೇ?" ಎಂದ.

"ಅರಸೀಕೆರೆ ದಾಟಿರಬೇಕು," ಎಂದಳು ವೇದವತಿ.

ಅವಳಿಗೆ ಅವಳದೇ ಒಂದು ಕಟ್ಟಳೆ ಇತ್ತು. ಕಣ್ಣಾರೆ ನೋಡದ ಡಬ್ಬಿ ಮಾಡಬಾರದು, ಮನಸ್ಸಿಗೆ ಬಂದ ನಂಬರು ಬರೆಯಬಾರದು. ಸೊಪ್ಪು ತರುತ್ತೇನೆ, ಉಪ್ಪು ತರುತ್ತೇನೆ ಎಂದು ಹೊರಟು, ಶೆಡ್ಡಿನ ಬೇಲಿಯ ಪಕ್ಕ ನಿಂತು ಒಂದು ಡಬ್ಬಿಯನ್ನು ಪೂರ್ತಿ ನೋಡುವಳು. ಬಾಗಿಲಿನ ಕೊಂಡಿ ಯಾವ ಕಡೆ, ಸದರ್ನ್ ರೈಲ್ವೆಯ ಎಸ್.ಆರ್. ದೊಡ್ಡದಾಗಿ ಬರೆದದ್ದು ಎಲ್ಲಿ, ಪಕ್ಕದಲ್ಲಿ ಹಿಂದಿಯ ಅಕ್ಷರ ಎಷ್ಟು ಕೆಳಗೆ, ಖಾಲಿ ತೂಕ ಬರೆದದ್ದು ಯಾವ ಮೂಲೆಯಲ್ಲಿ. ಆಮೇಲೆ ನಂಬರನ್ನು ತುಟಿಯ ಮೇಲಿಟ್ಟುಕೊಂಡು, ದಾರಿಯುದ್ದ ಜಪಿಸುತ್ತ ಮನೆಗೆ ಬರುವಳು. ಎದುರು ಸಿಕ್ಕವರು ಮಾತಾಡಿಸಿದರೆ ತಲೆ ಮಾತ್ರ ಆಡಿಸುವಳು. ಬೀದಿಯಲ್ಲಿ ಪುರೋಹಿತ ಶ್ಯಾಮಣ್ಣನವರ ಸೊಸೆ ದೈವಭಕ್ತೆ ಎಂದು ಹೆಸರಾದದ್ದು ಹಾಗೆ. ಒಮ್ಮೆ ಬಾಗಿಲಲ್ಲೇ ಗಂಡ, "ಕಾಫಿಪುಡಿ ತಂದ್ಯಾ?" ಎಂದ; ನಂಬರು ಬಿದ್ದುಹೋಯಿತು. ಸಂಜೆಯವರೆಗೆ ಅವನ ಜೊತೆ ಮಾತಾಡಲಿಲ್ಲ.

ಡಬ್ಬಿಗೆ ಬಣ್ಣ ಹುಡುಕುವುದು ಕಷ್ಟವಾಗಲಿಲ್ಲ. ರಂಗೋಲಿಯ ಅಂಚಿಗೆ ಬಳಿಯುವ ಕೆಮ್ಮಣ್ಣು ಮತ್ತು ಗೂಡ್ಸು ಡಬ್ಬಿಯ ಬಣ್ಣ ಅಕ್ಕತಂಗಿಯರ ಹಾಗಿದ್ದವು. ತೊಂದರೆ ಕೊಟ್ಟದ್ದು ಬಿಳಿ. ಸೀಮೆಸುಣ್ಣ ಉದುರುತ್ತಿತ್ತು. ಅಕ್ಕಿಹಿಟ್ಟಿನಲ್ಲಿ ಬರೆದದ್ದನ್ನು ಇರುವೆಗಳು ಅಕ್ಷರ ಅಕ್ಷರವಾಗಿ ಹೊತ್ತುಕೊಂಡು ಹೋದವು. ಅಂಗಡಿಯ ಪೈಂಟು ದಪ್ಪಗೆ ಇಳಿದು ಎಂಟು ಯಾವುದು ಸೊನ್ನೆ ಯಾವುದು ತಿಳಿಯದಂತೆ ಮಾಡುತ್ತಿತ್ತು. ಅಕ್ಷರ ಸರಿಯಿಲ್ಲದ ಡಬ್ಬಿ ಅವಳಿಗೆ ಹಣೆ ಬೋಳಾದ ಮುಖದ ಹಾಗೆ ಕಾಣುತ್ತಿತ್ತು.

ಮಾವ ಶ್ಯಾಮಣ್ಣ ಪೌರೋಹಿತ್ಯ ಮಾಡುತ್ತಿದ್ದವರು. ದಿನವೂ ಸ್ನಾನ ಮಾಡಿ ಬಂದು, ಕಿಟಕಿಯ ಬೆಳಕಿಗೆ ಪುಟ್ಟ ಕನ್ನಡಿ ಇಟ್ಟುಕೊಂಡು ನಾಮ ಹಾಕುತ್ತಿದ್ದರು. ಮೇಲುಕೋಟೆಯಿಂದ ತರಿಸಿದ ನಾಮದ ಮಣ್ಣಿನ ಉಂಡೆ. ತಿರುಮಣ್ಣು ಎನ್ನುತ್ತಿದ್ದರು ಮನೆಯಲ್ಲಿ. ಅಂಗೈಯಲ್ಲಿ ನೀರು ಹಾಕಿ ತೇಯ್ದು, ಕಡ್ಡಿಯ ತುದಿಯಿಂದ ಹಣೆಯ ಮೇಲೆ ಎಳೆಯುವರು. ಎಳೆದಾಗ ನೀರಿನ ಗೆರೆ. ಎರಡು ಉಸಿರಿನಲ್ಲಿ ಒಣಗಿ ಬೆಳ್ಳಗೆ, ದಾರದಷ್ಟು ಸಪೂರ, ಅಂಚು ಎಲ್ಲೂ ಹರಿಯದು. ಸಂಜೆಯ ಬೆವರಿಗೂ ಅಳಿಯದು. ಒಂದು ಬೆಳಿಗ್ಗೆ ಕಾಫಿ ಲೋಟ ಕೊಡಲು ಹೋದ ವೇದವತಿ ಮಾವನ ಹಣೆಯನ್ನೇ ನೋಡುತ್ತ ನಿಂತುಬಿಟ್ಟಳು.

"ಏನಮ್ಮ?" ಎಂದರು ಶ್ಯಾಮಣ್ಣ.

"ಏನಿಲ್ಲ ಮಾವ. ಚೆನ್ನಾಗಿ ಬಂದಿದೆ ನಾಮ."

ಶ್ಯಾಮಣ್ಣನವರಿಗೆ ಖುಷಿಯಾಯಿತು. ಮನೆಯಲ್ಲಿ ಅದುವರೆಗೆ ಯಾರೂ ಹಾಗೆ ಹೇಳಿರಲಿಲ್ಲ.

ಅಂದಿನಿಂದ ನಾಮದ ಪೆಟ್ಟಿಗೆಯಿಂದ ಆಗಾಗ ಒಂದು ಚಿಟಿಕೆ ಕಡಿಮೆಯಾಗತೊಡಗಿತು. ತೆಗೆಯುವ ಮುನ್ನ ಪ್ರತಿ ಸಲವೂ ವೇದವತಿ ಕಣ್ಣಿಗೊತ್ತಿಕೊಂಡು ಕೈಮುಗಿಯುತ್ತಿದ್ದಳು. ಜಾಲಿಯ ಅಂಟು ಬೆರೆಸಿ, ಮಾವ ಎಸೆದ ಹಳೆಯ ಕಡ್ಡಿಯಲ್ಲಿ ಬರೆದಳು. ಮೊದಲ ಎಸ್ ತಿರುಗಿ ಮುಗಿದಾಗ ಅವಳ ಬೆನ್ನು ಜುಮ್ಮೆಂದಿತು. ರಂಗೋಲಿ ಎಳೆದು ಪಳಗಿದ ಕೈ. ಅಕ್ಷರ ಡಬ್ಬಿಯ ಮೇಲೆ ಹುಟ್ಟಿದ್ದೇ ಅಲ್ಲೇ ಎನ್ನುವ ಹಾಗೆ ಕೂತಿತು.

ಆಮೇಲೆ ಎಪ್ಪತ್ತನಾಲ್ಕರ ಬೇಸಿಗೆ ಬಂತು. ದೇಶದಲ್ಲೆಲ್ಲ ರೈಲ್ವೆ ಮುಷ್ಕರ. ಶೆಡ್ಡಿನ ಹಿಂದೆ ಡಬ್ಬಿಗಳು ನಿಂತಲ್ಲೇ ನಿಂತವು. ಸದ್ದಿಲ್ಲದ ಬೀದಿಯಲ್ಲಿ ಮೊದಲ ಸಲ ಎಲ್ಲರೂ, ಏನೋ ಇಲ್ಲವಲ್ಲ, ಏನು, ಎಂದು ಹುಡುಕಾಡಿದರು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕರಿಯಯ್ಯನ ಹೆಂಡತಿ ಮಾಯಮ್ಮ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದಳು. ಮನೆಯಲ್ಲಿ ಸಂಬಳವಿಲ್ಲದೆ ಅವಳ ಸೊಪ್ಪಿನ ಬುಟ್ಟಿ ದಿನಕ್ಕೆರಡು ಸಲ ಬರತೊಡಗಿತು. ವೇದವತಿ ಎರಡು ಸಲವೂ ಕೊಂಡಳು. ಮನೆಯವರು ಆ ತಿಂಗಳೆಲ್ಲ ಸೊಪ್ಪಿನ ಹುಳಿ ತಿಂದರು. ಬೇಲಿಯ ಆಚೆ ಅಲುಗದೆ ನಿಂತ ಡಬ್ಬಿಗಳನ್ನು ಅವಳು ಸಾವಕಾಶವಾಗಿ ಕಲಿತಳು. ಸಕ್ಕರೆ ಕಾರ್ಖಾನೆಯ ಕಾಕಂಬಿ ಒಯ್ಯುವ ಟ್ಯಾಂಕು ಟಾಲ್ಕಂ ಪೌಡರಿನ ಡಬ್ಬದಲ್ಲಿ ಹುಟ್ಟಿತು. ಮುಷ್ಕರ ಮುಗಿದು ಮತ್ತೆ ಢಣ್ ಎಂದಾಗ ಮಂಚದ ಕೆಳಗಿನ ಅವಳ ತವರಿನ ಟ್ರಂಕಿನಲ್ಲಿ ಒಂದು ಪೂರ್ತಿ ಗೂಡ್ಸು ಗಾಡಿ ಮಲಗಿತ್ತು.

ಆದರೆ ಎಷ್ಟು ದಿನ ಮಲಗುವುದು? ಗಂಡನನ್ನು ಬಿಟ್ಟು ಯಾರೂ ಅದನ್ನು ಸಾಲಾಗಿ ನೋಡಿರಲಿಲ್ಲ. ನವರಾತ್ರಿ ಹತ್ತಿರವಾದಂತೆ ಅವಳಿಗೆ ಒಂದೇ ಆಸೆ. ಗೊಂಬೆ ಕೂರಿಸುವ ಮೆಟ್ಟಿಲುಗಳಲ್ಲಿ ಒಂದು ತನ್ನ ಗಾಡಿಗೆ ಸಿಗಬೇಕು. ಬೀದಿಯ ಹೆಂಗಸರೆಲ್ಲ ಬರುತ್ತಾರೆ. ಒಂದು ಸಲ, ಒಬ್ಬರಾದರೂ ನಿಂತು ನೋಡಲಿ.

ತಿರುಮಲಮ್ಮ ಹೂಂ ಎನ್ನಲಿಲ್ಲ. ಅವರ ಸಿಟ್ಟಿಗೆ ಕಾರಣವಿತ್ತು. ವೇದವತಿ ಮೊದಮೊದಲು ಡಬ್ಬಿಗಳನ್ನು ಮೈದಾ ಗೋಂದಿನಲ್ಲಿ ಅಂಟಿಸುತ್ತಿದ್ದಳು. ಗೋಂದಿಗೆ ಬಂದ ಜಿರಲೆಗಳು ಗೋಂದು ಮುಗಿಸಿ, ಅದೇ ಮಂಚದ ಕೆಳಗಿದ್ದ ಪಟ್ಟದ ಗೊಂಬೆಯ ರೇಷ್ಮೆ ಸೀರೆಯನ್ನೂ ತಿಂದಿದ್ದವು. ತಿರುಮಲಮ್ಮನ ತಾಯಿ ಕೊಟ್ಟ ಗೊಂಬೆ ಅದು.

"ಈಗ ಹುಣಸೆ ಬೀಜದ ಅಂಟು ಅತ್ತೆ. ಜಿರಲೆ ಮೂಸಲ್ಲ."

"ಜಿರಲೆ ನಿನ್ನ ಕೇಳಿ ಮೂಸತ್ತೇನೆ? ಮೆಟ್ಟಿಲ ಮೇಲೆ ಪೆರುಮಾಳ್ ಇರ್ತಾನೆ. ಅವನ ಕಾಲ ಕೆಳಗೆ ಕಾಕಂಬಿ ಟ್ಯಾಂಕೂ?"

"ಕೃಷ್ಣ ರಥ ಹೊಡೀಲಿಲ್ವಾ ಅಮ್ಮ? ಈಗಾಗಿದ್ರೆ ಗೂಡ್ಸು ಡ್ರೈವರ್ ಆಗಿರ್ತಿದ್ದ," ಎಂದ ಸಂಪತ್ ಕುಮಾರ.

"ನೀನು ಸುಮ್ನಿರು. ಗುಂಡಿ ಇಲ್ಲದ ಅಂಗಿ ಹಾಕ್ಕೊಂಡು ಬಂದ ನ್ಯಾಯ ಹೇಳಕ್ಕೆ. ನೋಡು ವೇದವತಿ, ನಾಳಿದ್ದು ಅಮಾವಾಸ್ಯೆ, ಮನೆಯೆಲ್ಲ ಗುಡಿಸಿ ತೊಳೀಬೇಕು. ಆ ರಟ್ಟಿನ ರಾಶಿ ಅವತ್ತು ಹಂಡೆ ಒಲೆಗೆ. ಗೊಂಬೆ ಇರೋ ಮನೇಲಿ ಅದು ಇನ್ನೊಂದು ವರ್ಷ ಇರಬಾರದು."

ತಿರುಮಲಮ್ಮ ಒಂದು ಮಾತು ಹೇಳಿದರೆ ಹೇಳಿದಂತೆ. ಸಂಪತ್ ಕುಮಾರ ಗಾಡಿಯನ್ನು ಶಾಲೆಗೆ ಒಯ್ದು ಬೀರುವಿನಲ್ಲಿಡುತ್ತೇನೆ ಎಂದ. ಭಾರತೀನಗರದ ಬಸ್ಸಿನ ನೂಕುನುಗ್ಗಲು ನೆನೆದು ವೇದವತಿ ಬೇಡ ಎಂದಳು. ಪುಡಿಯಾಗಿ ಶಾಲೆ ಸೇರುವುದಕ್ಕಿಂತ ಒಲೆಯೇ ವಾಸಿ ಎಂದಳು. ಹೇಳಿ, ಹಿತ್ತಿಲಿಗೆ ಹೋಗಿ, ಬೇಡದಿದ್ದರೂ ಒಂದು ಕೊಡ ನೀರು ಸೇದಿದಳು.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ. ಶ್ಯಾಮಣ್ಣ ಪಿತೃಗಳಿಗೆ ತರ್ಪಣ ಕೊಡಬೇಕು. ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು ಮಡಿಯಲ್ಲಿದ್ದರು. ಮಡಿಯಲ್ಲಿರುವವರು ಪೂಜೆಯ ಸಾಮಾನು ಬಿಟ್ಟು ಏನನ್ನೂ ಯಾರನ್ನೂ ಮುಟ್ಟುವಂತಿಲ್ಲ. ಬಚ್ಚಲ ಮನೆಯಲ್ಲಿ ಹಂಡೆ ಒಲೆ ಉರಿಯುತ್ತಿತ್ತು. ವೇದವತಿ ಟ್ರಂಕು ತಂದು ಇಟ್ಟಳು. ಮುಚ್ಚಳ ತೆಗೆದಳು. ಮೊದಲು ಯಾವುದು ಎಂದು ಅವಳ ಕೈ ಒಂದರ ಮೇಲಿಂದ ಒಂದಕ್ಕೆ ಹೋಯಿತು, ಯಾವುದನ್ನೂ ಎತ್ತಲಿಲ್ಲ.

"ಸರಿ, ನಾನೇ ಹಾಕ್ತೀನಿ. ನಿನ್ನ ಕೈಗೆ ಪಾಪ ಯಾಕೆ," ಎಂದರು ತಿರುಮಲಮ್ಮ. ದನಿ ಅಷ್ಟೇನೂ ಗಟ್ಟಿಯಿರಲಿಲ್ಲ. ಮೇಲಿದ್ದ ಒಂದು ಡಬ್ಬಿ ತೆಗೆದು ಒಲೆಯ ಬಾಯಿಗೆ ಹಿಡಿದರು.

ಅಷ್ಟರಲ್ಲಿ ಪಡಸಾಲೆಯಿಂದ ಶ್ಯಾಮಣ್ಣ ಕೂಗಿದರು. "ನನ್ನ ನಾಮದ ಮಣ್ಣೆಲ್ಲಿ ಹೋಯ್ತು?"

"ಪೆಟ್ಟಿಗೇಲೇ ಇದೆ ನೋಡಿ!"

"ಪೆಟ್ಟಿಗೇಲಿ ಅಡಕೆ ಹೋಳಿನಷ್ಟಿದೆ! ಯುಗಾದಿವರೆಗೆ ಬರೋ ಉಂಡೆ ಅದು. ಇಲಿ ತಿಂದಿರಬೇಕು."

"ಇಲಿ ತಿಂದು ಏನು ಮಾಡತ್ತೆ, ನಾಮ ಹಾಕ್ಕೊಂಡು ಸಂಧ್ಯಾವಂದನೆ ಮಾಡತ್ತಾ?"

ಶ್ಯಾಮಣ್ಣ ಪೆಟ್ಟಿಗೆ ಹಿಡಿದುಕೊಂಡೇ ಬಚ್ಚಲ ಬಾಗಿಲಿಗೆ ಬಂದರು. ಬೋಳು ಹಣೆಯಲ್ಲಿ ಅವರು ಬೇರೆ ಯಾರೋ ಎಂಬಂತೆ ಕಾಣುತ್ತಿದ್ದರು. ಒಲೆಯ ಬೆಳಕು ಹೆಂಡತಿಯ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿದ್ದಿತ್ತು. ಕೆಂಪು ಮೈಮೇಲೆ ಎಸ್.ಆರ್. ಎಂಬ ಎರಡು ಅಕ್ಷರ, ಬೆಳ್ಳಗೆ, ಸಪೂರ, ಅಂಚು ಹರಿಯದೆ. ಆ ಬಿಳಿ ಸುಣ್ಣದ್ದಲ್ಲ, ಪೈಂಟಿನದಲ್ಲ. ದಿನವೂ ಕನ್ನಡಿಯಲ್ಲಿ ನೋಡುವ ಬಿಳಿ.

"ತಿರುಮಲೂ, ಕೈ ತೆಗಿ."

"ಯಾಕೆ?"

"ಕೈ ತೆಗಿ ಅಂದೆ! ಅದು ತಿರುಮಣ್ಣು!"

ತಿರುಮಲಮ್ಮನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದೇ, "ಅಯ್ಯೋ ನಾರಾಯಣ!" ಎಂದು ಒಲೆಯ ಬಾಯಿಯಿಂದ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು. ಮೂಲೆ ಆಗಲೇ ಹೊತ್ತಿತ್ತು. ಸೆರಗಿನಿಂದಲೇ ಒತ್ತಿ ಆರಿಸಿದರು. ಬೆರಳು ಚುರುಕೆಂದಿತು. ಮಡಿಯಲ್ಲಿದ್ದ ಶ್ಯಾಮಣ್ಣ ಮುಟ್ಟಲೂ ಆಗದೆ, ಸುಮ್ಮನಿರಲೂ ಆಗದೆ, ಬಾಗಿಲಲ್ಲಿ ನಿಂತು, "ಹುಷಾರು, ಹುಷಾರು, ಅಕ್ಷರ ಅಳಿಸೀಯ," ಎನ್ನುತ್ತಿದ್ದರು.

"ನೀನಾ?" ಎಂದು ತಿರುಮಲಮ್ಮ ಸೊಸೆಯ ಕಡೆ ತಿರುಗಿದರು.

"ನಾನೇ ಅತ್ತೆ. ಪ್ರತಿ ಸಲ ಕೈಮುಗಿದೇ ತಗೊಂಡೆ."

"ಕೈಮುಗಿದ್ಲಂತೆ! ಪೆರುಮಾಳಿನ ಮಣ್ಣಲ್ಲಿ ರೈಲಿಗೆ ನಾಮ ಇಟ್ಟಿದ್ದಾಳೆ, ಕೇಳಿದ್ರಾ?"

ಶ್ಯಾಮಣ್ಣ ಕೇಳುತ್ತಿರಲಿಲ್ಲ. ಟ್ರಂಕಿನೊಳಗೆ ಇಣುಕಿ, "ಎಲ್ಲದಕ್ಕೂ ಇಟ್ಟಿದೀಯಾ?" ಎಂದರು.

"ಎಲ್ಲದಕ್ಕೂ ಮಾವ."

ಆಮೇಲೆ ತೊಡಕು ತಿರುಮಲಮ್ಮನಿಗೇ ಮೊದಲು ಹೊಳೆಯಿತು. "ಇದನ್ನ ಸುಡೋ ಹಾಗಿಲ್ಲ."

"ಹಾಗಿಲ್ಲ," ಎಂದರು ಶ್ಯಾಮಣ್ಣ.

"ಬೀದಿಗೆ ಹಾಕೋ ಹಾಗಿಲ್ಲ. ತುಳೀತಾರೆ."

"ಶಿವ ಶಿವ," ಎಂದುಬಿಟ್ಟ ಶ್ಯಾಮಣ್ಣ ನಾಲಿಗೆ ಕಚ್ಚಿಕೊಂಡು, "ರಾಮ ರಾಮ," ಎಂದು ತಿದ್ದಿಕೊಂಡರು.

"ಮಂಚದ ಕೆಳಗೆ..." ತಿರುಮಲಮ್ಮನ ದನಿ ಏರಿತು. "ಇಷ್ಟು ದಿನ ಇದರ ಮೇಲೆ ಕಾಲು ಚಾಚಿ ಮಲಗ್ತಿದ್ರೇನೇ ನೀವಿಬ್ರೂ? ನಡಿ, ಎತ್ತು, ಎತ್ತು ಮೇಲೆ!"

"ಎಲ್ಲಿಡಲಿ ಅತ್ತೆ?"

ದೇವರ ಮನೆಯಲ್ಲಿ ಜಾಗವಿಲ್ಲ. ಅಟ್ಟದಲ್ಲಿ ನಿಜವಾಗಿಯೂ ಇಲಿಗಳಿದ್ದವು. ಮನೆಯಲ್ಲಿ ಎತ್ತರವಾಗಿದ್ದು, ಬಿಳಿಯ ಪಂಚೆ ಹಾಸಿ, ತೊಳೆದು ಶುದ್ಧವಾಗಿದ್ದ ಜಾಗ ಅವತ್ತಿನ ಮಟ್ಟಿಗೆ ಒಂದೇ, ಮಾರನೆಯ ದಿನದ ಹಬ್ಬಕ್ಕೆ ಆಗಲೇ ಕಟ್ಟಿಟ್ಟಿದ್ದ ಗೊಂಬೆ ಮೆಟ್ಟಿಲು. ತಿರುಮಲಮ್ಮ ಅದರ ಕಡೆ ನೋಡಿದರು, ಗಂಡನ ಕಡೆ ನೋಡಿದರು. ವೇದವತಿ ಯಾರ ಕಡೆಯೂ ನೋಡಲಿಲ್ಲ. ಟ್ರಂಕಿನ ಚಿಲಕವನ್ನೇ ನೋಡಿದಳು.

"ಕೆಳಗಿನ ಮೆಟ್ಟಿಲು," ಎಂದರು ತಿರುಮಲಮ್ಮ ಕೊನೆಗೆ.

"ಕೆಳಗಿನದರಲ್ಲಿ ಶೆಟ್ಟರ ಅಂಗಡಿ ಗೊಂಬೆ ಇದೆ," ಎಂದರು ಶ್ಯಾಮಣ್ಣ. "ತಿರುಮಣ್ಣು ಅಕ್ಕಿ ಬೇಳೆ ಪಕ್ಕದಲ್ಲಾ?"

ಹೀಗೆ ವಾದ ಒಂದೊಂದೇ ಮೆಟ್ಟಿಲು ಹತ್ತಿ, ಗೂಡ್ಸು ಗಾಡಿ ದಶಾವತಾರದ ಕೆಳಗಿನ ಮೆಟ್ಟಿಲಿಗೆ, ಶೆಟ್ಟರಿಗಿಂತ, ಪೊಲೀಸರಿಗಿಂತ, ಮದುವೆ ದಿಬ್ಬಣಕ್ಕಿಂತ ಮೇಲೆ ಬಂದು ನಿಂತಿತು. ಜಾಗ ಸಾಲದೆ ಕಾಕಂಬಿ ಟ್ಯಾಂಕು ಮೂಲೆಯಲ್ಲಿ ತಿರುಗಿ ಕೂರ್ಮಾವತಾರದ ಕಾಲ ಬಳಿಗೆ ಹೋಯಿತು. ಶ್ಯಾಮಣ್ಣ ಅಡಕೆ ಹೋಳಿನಷ್ಟು ಮಣ್ಣಿನಲ್ಲೇ ನಾಮ ಹಾಕಿಕೊಂಡು ತರ್ಪಣಕ್ಕೆ ಕೂತರು. ಅಷ್ಟು ಹೊತ್ತಿಗೆ ಊರಲ್ಲಿ ಮಿಕ್ಕವರೆಲ್ಲರ ತರ್ಪಣ ಮುಗಿದಿತ್ತು.

ನವರಾತ್ರಿಯಲ್ಲಿ ಬೀದಿಯ ಹೆಂಗಸರು ಬಂದರು. ಬಂದವರು ದಸರಾ ಆನೆ ನೋಡಿ, ಪಟ್ಟದ ಗೊಂಬೆಯ ಹೊಸ ಸೀರೆ ನೋಡಿ, ಗಾಡಿಯ ಹತ್ತಿರ ನಿಂತುಬಿಡುತ್ತಿದ್ದರು.

"ಇದೇನ್ರೀ ತಿರುಮಲಮ್ಮ, ಮೂಲೆ ಸುಟ್ಟಿದೆ?"

"ಅದಾ? ಅದು ಹಾಗೇ," ಎಂದು ತಿರುಮಲಮ್ಮ ಬೆರಳಿನ ಬೊಬ್ಬೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ನೀವು ಅಕ್ಷರ ನೋಡಿ. ನಮ್ಮ ಸೊಸೆ ಕೈಯಿಂದ ಬರೆದದ್ದು. ಎಲ್ಲ ನಿಜವಾದ ನಂಬರು. ನೋಡದೆ ಬರೆಯೋಳಲ್ಲ ಅವಳು."

ಮೂರನೆಯ ದಿನಕ್ಕೆ ಅವರೇ ಒಂದು ಕಡ್ಡಿ ಹಿಡಿದು, ಇದು ಸಕ್ಕರೆ ಹೋಗೋದು, ಇದು ಕಲ್ಲಿದ್ದಲು ಬರೋದು ಎಂದು ತೋರಿಸತೊಡಗಿದ್ದರು. ಕಲ್ಲಿದ್ದಲಿನದ್ದಕ್ಕೆ ಸಕ್ಕರೆ ಎಂದರೂ ವೇದವತಿ ತಿದ್ದಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಜನ ಬಾಗಿ ತನ್ನ ಅಂಕಿಗಳನ್ನು ಓದುವುದನ್ನು ನೋಡುತ್ತಿದ್ದಳು. ಯಾರೋ ಒಬ್ಬಾಕೆ ತುಟಿ ಅಲುಗಿಸಿ ಓದಿದಳು. ಅಷ್ಟು ಸಾಕಾಗಿತ್ತು.

ವಿಜಯದಶಮಿಯ ಸಂಜೆ ಒಂದು ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸುವುದು ವಾಡಿಕೆ. ತಿರುಮಲಮ್ಮ ಪಟ್ಟದ ಗೊಂಬೆಯನ್ನು ಮಲಗಿಸಿ, ಗಾಡಿಯ ಮುಂದೆ ಅನುಮಾನಿಸಿದರು. "ಇದರಲ್ಲೂ ಒಂದನ್ನ ಮಲಗಿಸಬೇಕೇನೆ?"

"ಬೇಡ ಅತ್ತೆ. ರೈಲು ಮಲಗಿದ್ರೆ ಪೇಪರಿನಲ್ಲಿ ಬರತ್ತೆ."

ಆ ಹೊತ್ತಿಗೆ ಮಾಯಮ್ಮ ಬಂದಳು. ಬುಟ್ಟಿಯಿಲ್ಲದೆ, ತಲೆಗೆ ಕನಕಾಂಬರ ಮುಡಿದು, ಗೊಂಬೆ ನೋಡಲು. ಅವಳು ಅದುವರೆಗೆ ಜಗಲಿ ದಾಟಿದವಳಲ್ಲ. ಈಗಲೂ ಅಲ್ಲೇ ನಿಂತು ಕತ್ತು ಚಾಚಿದಳು. ತಿರುಮಲಮ್ಮ ಹೊಸ್ತಿಲನ್ನೂ ಅವಳನ್ನೂ ಒಮ್ಮೆ ನೋಡಿ, "ಅಲ್ಲಿಂದ ಏನು ಕಾಣತ್ತೆ, ಒಳಗೆ ಬಾ," ಎಂದರು. ಮಾಯಮ್ಮ ಬಂದು, ಸೆರಗಿನಲ್ಲಿ ಕೈ ಕಟ್ಟಿಕೊಂಡು, ಗಾಡಿಯನ್ನು ತುದಿಯಿಂದ ತುದಿಗೆ ನೋಡಿದಳು.

"ಅಯ್ಯೋ ನಮ್ಮವ್ವ! ನಮ್ಮ ಯಜಮಾನ್ರು ದಿನಾ ತಳ್ಳಾಡೋವು ಇವೇಯ! ಎಂಗ್ ಮಾಡ್ದೆ ಕಣವ್ವ?" ಎಂದು, ಮತ್ತೆ ನೋಡಿ, "ಆದ್ರೆ ಆ ತಗ್ಗಿಂದು ಮಾಡಿಲ್ವಲ್ಲ," ಎಂದಳು.

"ಯಾವ ತಗ್ಗಿಂದು ಮಾಯಮ್ಮ?"

"ಅದೇ, ನಡೂಕೆ ತೊಟ್ಲಂಗೆ ಜಗ್ಗೋಗೈತಲ್ಲ. ಎರಡು ಕಡೆ ಮ್ಯಾಕೆ, ಮಧ್ಯ ಕೆಳೀಕೆ. ಅದರೊಳ್ಗೆ ಒಂದು ಬಾಯ್ಲರ್ ಕುಂದ್ರಿಸ್ಕೊಂಡು ಬಂದೈತೆ, ಕಾರ್ಖಾನೆಗೆ. ಮದ್ಯಾನದಿಂದ ಸೆಡ್ ತಾವ್ಲೇ ನಿಂತೈತೆ. ಇಳ್ಸಾಯ್ತು, ಈಗ ಎಂಜಿನ್ನು ಬಂದ್ರೆ ಖಾಲಿ ಡಬ್ಬಿ ವಾಪಸ್ ಓಯ್ತದಂತೆ."

ವೇದವತಿಯ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಅದನ್ನು ಗಂಡನ ಕೈಗೆ ಕೊಟ್ಟಳು. ಸಂಪತ್ ಕುಮಾರ ಏನು ಮಾಡುವುದೆಂದು ತಿಳಿಯದೆ ಮಾಯಮ್ಮನ ಮುಂದೆ ಹಿಡಿದ; ಮಾಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

"ದೀಪ ಹಚ್ಚೋ ಹೊತ್ತು, ಎಲ್ಲಿಗೆ ಹೊರಟೆ?" ಎಂದರು ತಿರುಮಲಮ್ಮ.

"ವ್ಯಾಗನ್ ನೋಡಕ್ಕೆ ಅತ್ತೆ."

"ರೇಷ್ಮೆ ಸೀರೇಲಾ? ಗ್ರೀಸು ಮೆತ್ತೀತು! ಇನ್ನೂ ಆರತಿ ಎತ್ತಿಲ್ಲ, ಹಾಡು ಹೇಳಿಲ್ಲ..." ಎಂದವರು ತಡೆದು, "ನಂಬರು ಸರಿಯಾಗಿ ನೋಡ್ಕೊಂಡು ಬಾ," ಎಂದರು. "ದಾರೀಲಿ ಯಾರ ಹತ್ರಾನೂ ಮಾತಾಡಬೇಡ, ಮರೆತುಬಿಡ್ತೀಯ."

"ಇಲ್ಲ ಅತ್ತೆ. ನೀವು ಅಷ್ಟರಲ್ಲಿ ಆರತಿಗೆ ಅರಿಶಿನ ಸುಣ್ಣ ಕಲಸಿಡಿ. ಬಾಯ್ಲರ್ ಕೂತಿದ್ದ ತಗ್ಗು ಎಷ್ಟಿದೆ ಅಂತ ಒಂದು ಗೇಣು ಹಾಕಿ ನೋಡಿ, ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ, ಆದರೆ ಅದಕ್ಕೆ ಚಕ್ರ ಜಾಸ್ತಿ ಇದ್ರೆ ಇವರ ನೀಲಿ ಅಂಗಿ ಗುಂಡಿನೂ..." ಎನ್ನುತ್ತ ಅವಳು ನೆರಿಗೆ ಎತ್ತಿ ಹಿಡಿದು ಜಗಲಿ ಇಳಿದು, ಮಾಯಮ್ಮನನ್ನೂ ಹಿಂದೆ ಹಾಕಿ, ಶೆಡ್ಡಿನ ಕಡೆಗೆ ಓಡಿದಳು.